ಚೆಂಡು ಮತ್ತು ಹೆಬ್ಬಾಗಿಲು

ನಮ್ಮ ಸೀಮೆಯ ಚರಿತ್ರೆಯನ್ನು ಬರೆದವರು ಅರಸರ ವಂಶಾವಳಿಯನ್ನೂ ಕೋಟೆಗಳ ಮುತ್ತಿಗೆಯನ್ನೂ ದೇವಾಲಯಗಳ ದತ್ತಿಗಳನ್ನೂ ಸವಿಸ್ತಾರವಾಗಿ ವರ್ಣಿಸಿರುವರು. ಇಲ್ಲಿಯ ಹುಡುಗರು ಏನನ್ನು ಆಡುತ್ತಿದ್ದರು, ಆಟದಲ್ಲಿ ಕಿರಿಯನಾದವನು ಹಿರಿಯರ ಸಾಲಿಗೆ ಹೇಗೆ ಸೇರುತ್ತಿದ್ದನು ಎಂಬುದನ್ನು ಮಾತ್ರ ಅಷ್ಟಾಗಿ ವಿಚಾರಿಸಿದವರಿಲ್ಲ. ಆಟವೆಂಬುದು ಹುಡುಗಾಟಿಕೆ, ಚರಿತ್ರೆಯ ಘನತೆಗೆ ತಕ್ಕುದಲ್ಲ ಎಂಬ ಭಾವನೆಯೇ ಇದಕ್ಕೆ ಕಾರಣವಾಗಿರಬಹುದು. ಆದರೆ ಒಂದು ಸಮಾಜವು ತನ್ನ ತರುಣರಿಗಾಗಿ ಯಾವ ಬಾಗಿಲನ್ನು ತೆರೆದಿಟ್ಟಿದೆ, ಯಾವುದನ್ನು ಮುಚ್ಚಿದೆ ಎಂಬುದು ಆಟದ ಬಯಲಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣುವುದಿಲ್ಲ.

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ, ಸಂಡೂರು ತಾಲ್ಲೂಕಿಗೆ ಸೇರಿದ ತೋರಣಗಲ್ಲು ಎಂಬ ಊರುಂಟು. 1971ರಲ್ಲಿ ಅಲ್ಲಿ ಉಕ್ಕಿನ ಕಾರ್ಖಾನೆಗೆ ಅಸ್ತಿಭಾರವನ್ನಿಟ್ಟರು. ಕಾರ್ಖಾನೆಯು ಕೈಗೂಡಿದುದು ಮಾತ್ರ 1994ರಲ್ಲಿ ಜಿಂದಾಲ್ ಸಂಸ್ಥೆಯು ಕೈಹಾಕಿದ ಮೇಲೆ. ಅದೇ ಸಂಸ್ಥೆಯ ಆಶ್ರಯದಲ್ಲಿ 2018ರಲ್ಲಿ ಇನ್ಸ್‌ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾವಿದ್ಯಾಲಯವು ಅಲ್ಲಿ ತಲೆಯೆತ್ತಿತು. ಈಟಿಯೆಸೆತದಲ್ಲಿ ಲೋಕಪ್ರಸಿದ್ಧನಾದ ನೀರಜ್ ಚೋಪ್ರಾ ಅಲ್ಲಿ ಅಭ್ಯಾಸ ಮಾಡಿದವನು. ಬೆಂಗಳೂರು ಎಫ್‌ಸಿ ಎಂಬ ಕಾಲ್ಚೆಂಡಿನ ಕ್ಲಬ್ಬು ತನ್ನ ಕಿರಿಯರಿಗಾಗಿ ವಸತಿಯುಳ್ಳ ತರಬೇತು ಶಾಲೆಯನ್ನು ನಡೆಸಲು ಆರಿಸಿಕೊಂಡ ಸ್ಥಳವೂ ಅದೇ. ಹಂಪೆಯ ಬಂಡೆಗಳನ್ನು ನೋಡಲು ಬರುವ ಯಾತ್ರಿಕರಲ್ಲಿ ಹಲವರು ಈ ಊರನ್ನು ದಾಟಿ ಹೋಗುವರು. ಹಿರಿಯರ ತಂಡದಲ್ಲಿ ಸ್ಥಾನ ಪಡೆಯಬೇಕೆಂಬ ಒಂದೇ ಬಯಕೆಯಿಂದ ಮನೆಮಠಗಳನ್ನು ಬಿಟ್ಟುಬಂದ ಹುಡುಗರು ಇಲ್ಲಿ ನೆಲೆಸಿದ್ದುಂಟು ಎಂಬುದನ್ನು ಅವರಲ್ಲಿ ಬಲ್ಲವರು ವಿರಳ. ಆ ಬಯಕೆಯ ಪೂರ್ವೋತ್ತರವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

1

ನಮ್ಮ ಸೀಮೆಯ ಕಥೆಗಳಲ್ಲಿ ಚೆಂಡಿಗೂ ತಾರುಣ್ಯಕ್ಕೂ ಇರುವ ನಂಟು ಹೊಸತಲ್ಲ. ಕಂಪ್ಲಿಗೆ ಹೆಸರಾದ ಕಂಪಿಲರಾಯನ ಮಗ ಕುಮಾರರಾಮನ ಚರಿತ್ರೆಯನ್ನು ಕೇಳದವರು ಈ ಭಾಗದಲ್ಲಿ ಇರಲಾರರು. ನಂಜುಂಡ ಕವಿಯು ಅದನ್ನು ಸಾಂಗತ್ಯದಲ್ಲಿ ಹಾಡಿದನು. ಊರೂರುಗಳಲ್ಲಿ ಜನರು ತಮ್ಮದೇ ರೀತಿಯಲ್ಲಿ ಹಾಡಿಕೊಂಡು ಬಂದರು. ಆ ಕಥೆಯ ತಿರುವೆಲ್ಲ ಒಂದು ಚೆಂಡಿನಲ್ಲಿದೆ. ರಾಮನು ಒಡನಾಡಿಗಳೊಡನೆ ಚೆಂಡಾಡುತ್ತಿದ್ದಾಗ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಯೊಳಕ್ಕೆ ಬೀಳುವುದು. ತರಲು ಹೋದ ರಾಮನನ್ನು ಅವಳು ಮೋಹಿಸುವಳು. ಅವನು ಒಪ್ಪದಿರಲು ಅವನ ಮೇಲೆಯೇ ಅಪವಾದವನ್ನು ಹೊರಿಸುವಳು. ರಾಯನು ಕುಪಿತನಾಗಿ ಮಗನ ತಲೆಯನ್ನು ತರುವಂತೆ ಅಪ್ಪಣೆ ಮಾಡುವನು. ಮಂತ್ರಿ ಬೈಚಪ್ಪನು ವಿವೇಕಿ. ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸಿ ಬೇರೊಂದು ತಲೆಯನ್ನು ತಂದು ತೋರಿಸುವನು. ಕೊನೆಗೆ ದಿಲ್ಲಿಯ ಸೈನ್ಯವು ಕೋಟೆಗೆ ಮುತ್ತಿದಾಗ ಹಿರಿಯರಿಗೆ ರಾಮನ ನೆನಪಾಗುವುದು. ಆಗ ಅವನನ್ನು ಹೊರಕ್ಕೆ ಕರೆದು ಕೈಗೆ ಕತ್ತಿಯನ್ನು ಕೊಡುವರು.

ಕವಿಕಥೆಯನ್ನು ಚರಿತ್ರೆಯೆಂದು ತಿಳಿಯಬೇಕಾಗಿಲ್ಲ. ಕಂಪಿಲಿಯ ರಾಜ್ಯವು 1327ರಲ್ಲಿ ಮಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ ಬಲಿಯಾದುದಷ್ಟೆ ಚರಿತ್ರೆ. ಆದರೂ ಕಥೆಯಲ್ಲಿ ಒಂದು ಲೋಕಾನುಭವವಿದೆ. ಸಮರ್ಥನಾದ ತರುಣನನ್ನು ಹಿರಿಯರು ನೆಲಮಾಳಿಗೆಯಲ್ಲಿ ಮರೆತಿರುವುದೂ, ಶತ್ರುವು ಹೆಬ್ಬಾಗಿಲಿಗೆ ಬಂದಾಗ ಮಾತ್ರ ನೆನೆಯುವುದೂ ಅರಮನೆಗಷ್ಟೆ ಸೇರಿದ ದೋಷವಲ್ಲ. ಆಟದ ತಂಡಗಳಲ್ಲಿಯೂ ಬಹಳ ವೇಳೆ ಹೀಗೆಯೇ ನಡೆಯುವುದು.

ಹಂಪೆಯಲ್ಲಿ ಬೇರೊಂದು ಮೇಲ್ಪಂಕ್ತಿಯನ್ನು ಕಾಣುತ್ತೇವೆ. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ದೊಮಿಂಗೊ ಪಾಯಸನು ರಾಯನ ದಿನಚರಿಯನ್ನು ಬರೆದಿಟ್ಟಿರುವನು. ಬೆಳಕು ಹರಿಯುವುದಕ್ಕೆ ಮುಂಚೆಯೇ ರಾಯನು ಎಳ್ಳೆಣ್ಣೆಯನ್ನು ಕುಡಿದು ಮೈಗೂ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಕತ್ತಿವರಸೆಯನ್ನಾಡಿ ಬೆವರಿದ ಬಳಿಕ, ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನಂತೆ. ಮಹಾನವಮಿಯ ಉತ್ಸವದಲ್ಲಿ ಜಟ್ಟಿಗಳು ಹೋರಾಡುತ್ತಿದ್ದುದನ್ನೂ ಅವನು ಕಂಡು ಬರೆದಿರುವನು. ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಕುಸ್ತಿಯ ಚಿತ್ರಗಳು ಇಂದಿಗೂ ಕಾಣುತ್ತವೆ. ಅರಸನೇ ಮಣ್ಣಿಗಿಳಿದು ಸೇವಕನ ತೋಳಿಗೆ ತೋಳು ಕೊಡುತ್ತಿದ್ದನೆಂಬುದು ಗಮನಿಸತಕ್ಕ ವಿಷಯ. ಗರಡಿಯ ಧರ್ಮವೇ ಅದು: ಹಿರಿಯನು ಕಿರಿಯನೊಡನೆ ದಿನವೂ ಸೆಣಸಿಯೇ ಪಟ್ಟುಗಳನ್ನು ಕಲಿಸುವನು, ಅವನು ಸಿದ್ಧನಾದುದನ್ನು ತನ್ನ ಮೈಯಿಂದಲೇ ತಿಳಿಯುವನು. ನೆಲಮಾಳಿಗೆಯ ಪದ್ಧತಿಗೂ ಗರಡಿಯ ಪದ್ಧತಿಗೂ ಇರುವ ಈ ಅಂತರವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

2

ಕಾಲ್ಚೆಂಡಾಟವು ನಮ್ಮ ದೇಶಕ್ಕೆ ಆಂಗ್ಲರ ದಂಡಿನೊಡನೆ ಬಂದಿತು. ದುರಾಂಡ್ ಪಂದ್ಯಗಳು 1888ರಲ್ಲಿ ಸಿಮ್ಲೆಯಲ್ಲಿ, ರೋವರ್ಸ್ ಪಂದ್ಯಗಳು 1891ರಲ್ಲಿ ಮುಂಬಯಿಯಲ್ಲಿ ಆರಂಭವಾದುವು. ಮೊದಮೊದಲು ಗೆದ್ದವರೆಲ್ಲ ಗೋರಾ ಸಿಪಾಯಿಗಳೇ. ಬೆಂಗಳೂರಿನ ದಂಡುಪ್ರದೇಶದ ಹುಡುಗರು ಬೇಲಿಯಾಚೆ ನಿಂತು ನೋಡಿದರು; ಬಳಿಕ ಬರಿಗಾಲಿನಲ್ಲಿಯೇ ಆಡಿದರು. ಈ ನೋಟದ ಫಲವು 1937ರಲ್ಲಿ ಕಾಣಿಸಿತು. ಆ ವರ್ಷ ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ಬು ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು. ದಂಡಿಗೆ ಸೇರದ ಭಾರತೀಯ ತಂಡವೊಂದಕ್ಕೆ ಆ ಗೌರವವು ದೊರೆತುದು ಅದೇ ಮೊದಲು. ಮರುವರ್ಷವೂ ಕಪ್ಪು ಅವರದೇ ಆಯಿತು.

ಆ ಕಾಲದಲ್ಲಿ ಹುಡುಗನು ಹಿರಿಯರ ತಂಡವನ್ನು ಸೇರುತ್ತಿದ್ದ ಬಗೆಯನ್ನು ಅಹಮದ್ ಖಾನನ ಚರಿತ್ರೆಯಲ್ಲಿ ಕಾಣಬಹುದು. ಅವನು 1926ರಲ್ಲಿ ಬೆಂಗಳೂರಿನಲ್ಲಿ ಜನಿಸಿದನು. ಇನ್ನೂ ಹುಡುಗನಾಗಿದ್ದಾಗಲೇ ಬೆಂಗಳೂರು ಕ್ರೆಸೆಂಟ್ ಕ್ಲಬ್ಬಿನಲ್ಲಿ ಆಡಿ, ಅಲ್ಲಿಂದ ಬೆಂಗಳೂರು ಮುಸ್ಲಿಮ್ಸ್ ತಂಡಕ್ಕೆ ಹೋದನು. 1948ರ ಲಂಡನ್ ಒಲಿಂಪಿಕ್ ಪಂದ್ಯಗಳಲ್ಲಿ ಭಾರತದ ಪರವಾಗಿ ಆಡಿದನು. ಆ ಪಂದ್ಯದಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಫ್ರಾನ್ಸಿಗೆ 2-1ರಿಂದ ಸೋತರೂ ಲೋಕದ ಮೆಚ್ಚಿಕೆಯನ್ನು ಪಡೆದರು. ಭಾರತದ ಆ ಒಂದು ಗೋಲನ್ನು ಹೊಡೆದವನು ಬೆಂಗಳೂರಿನ ರಾಮನ್. ಮರುವರ್ಷ ಅಹಮದ್ ಖಾನನು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿ ಹತ್ತು ವರ್ಷ ಆಡಿದನು. ಆ ತಂಡದ ಮುಂದಿನ ಸಾಲಿನ ಐವರನ್ನು ವಂಗದ ಜನರು ‘ಪಂಚಪಾಂಡವ’ರೆಂದು ಕರೆದರು, ಅವರಲ್ಲಿ ನಮ್ಮ ಅಹಮದನೂ ಒಬ್ಬನು.

ಅಂದಿನ ಬಾಗಿಲು ಕೇರಿಯ ಕ್ಲಬ್ಬು. ಅಣ್ಣ ಆಡಿದ ಮೈದಾನದಲ್ಲಿ ತಮ್ಮನೂ ಆಡುವನು. ಸಂಜೆಯ ಆಟಕ್ಕೆ ಹಿರಿಯರಲ್ಲಿ ಒಬ್ಬನು ಬಾರದಿದ್ದರೆ ಅಂಚಿನಲ್ಲಿ ನಿಂತ ಹುಡುಗನನ್ನು ಒಳಗೆ ಕರೆಯುವರು. ಅವನು ಆಡಿದುದು ಮೆಚ್ಚಿಕೆಯಾದರೆ ಮರುದಿನವೂ ಕರೆಯುವರು. ಇದು ಗರಡಿಯ ಪದ್ಧತಿಯೇ. ಆದರೆ ಈ ಬಾಗಿಲು ಆ ಕೇರಿಯಲ್ಲಿ ಹುಟ್ಟಿದವನಿಗೆ ಮಾತ್ರ ತೆರೆದಿತ್ತು. ಮೈಸೂರು ತಂಡವು ರಾಷ್ಟ್ರೀಯ ಪಂದ್ಯಗಳಲ್ಲಿ 1946-47ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಾಗ ಹೊಸಪೇಟೆ ಕಂಪ್ಲಿಗಳು ಮದರಾಸು ಆಧಿಪತ್ಯಕ್ಕೆ ಸೇರಿದ್ದುವು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದಿತು. ಸಂಡೂರು ಸಂಸ್ಥಾನವು 1949ರಲ್ಲಿ ಮದರಾಸಿನಲ್ಲಿ ವಿಲೀನವಾಯಿತು. ಬಳ್ಳಾರಿಯ ಕನ್ನಡ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂದುವು. ಅಂದರೆ ಮೈಸೂರಿನ ಮೊದಲನೆಯ ವಿಜಯವು ರಾಜಕೀಯದ ದೃಷ್ಟಿಯಿಂದ ನಮ್ಮದಾಗಿರಲೇ ಇಲ್ಲ. ಗಡಿಗೆರೆಯೂ ಒಂದು ಬಾಗಿಲೇ ಎಂಬುದನ್ನು ಇದರಿಂದ ತಿಳಿಯಬಹುದು.

ಸ್ವಾತಂತ್ರ್ಯಾನಂತರ ಬಾಗಿಲು ಕಾರ್ಖಾನೆಗಳಿಗೆ ಸರಿಯಿತು. ಬೆಂಗಳೂರಿನಲ್ಲಿ ಸರಕಾರದ ದೊಡ್ಡ ಉದ್ದಿಮೆಗಳು ಬೆಳೆದು ತಮ್ಮತಮ್ಮ ತಂಡಗಳನ್ನು ಕಟ್ಟಿದುವು. ಚೆನ್ನಾಗಿ ಆಡುವ ತರುಣನಿಗೆ ಅಲ್ಲಿ ಕೆಲಸ ಸಿಗುತ್ತಿತ್ತು. ಹಗಲು ಕಾರ್ಖಾನೆ, ಸಂಜೆ ಮೈದಾನ; ಆಟ ಮುಗಿದ ಮೇಲೂ ಸಂಬಳ ನಿಲ್ಲದು. ಇದರ ಬೆಲೆಯನ್ನು ಗೃಹಸ್ಥರಾದವರು ಬಲ್ಲರು. ಮಗನು ಮೈದಾನಕ್ಕೆ ಹೋದರೆ ಕೆಟ್ಟನೆಂಬ ತಂದೆಯ ಭಯವನ್ನು ಈ ಏರ್ಪಾಡು ಸ್ವಲ್ಪಮಟ್ಟಿಗಾದರೂ ನೀಗಿಸಿತು. 1977ರಲ್ಲಿ ಪ್ರಥಮ ಫೆಡರೇಷನ್ ಕಪ್ಪನ್ನು ಗೆದ್ದುದು ಇಂತಹ ಒಂದು ತಂಡವೇ: ಬೆಂಗಳೂರಿನ ಐಟಿಐ. ದೂರವಾಣಿಯ ಯಂತ್ರಗಳನ್ನು ಮಾಡುವ ಕಾರ್ಖಾನೆಯ ನೌಕರರು ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನನ್ನೇ ಸೋಲಿಸಿದರು.

ಕಾಲವು ಹಾಗೆಯೇ ನಿಲ್ಲಲಿಲ್ಲ. ಉದ್ದಿಮೆಗಳ ಲಾಭವು ಕುಂದಿದಂತೆ ಆಟಗಾರರಿಗೆ ಕೊಡುವ ಕೆಲಸಗಳೂ ಕುಂದಿದುವು. ವಿಮಾನ ಕಾರ್ಖಾನೆಯ ಎಚ್‌ಎಎಲ್ ತಂಡವು 2010ರಿಂದ ಎರಡು ಋತುಗಳ ಕಾಲ ಐ-ಲೀಗಿನಲ್ಲಿ ಆಡಿ 2012ರಲ್ಲಿ ಕೆಳಕ್ಕಿಳಿಯಿತು. ಸಂತೋಷ್ ಟ್ರೋಫಿಯ ಕಥೆಯೂ ಇದನ್ನೇ ಹೇಳುವುದು. ಮೈಸೂರು ತಂಡವು 1946-47, 1952-53, 1967-68, 1968-69 ಹೀಗೆ ನಾಲ್ಕು ಸಲ ಗೆದ್ದಿತು. ಐದನೆಯ ವಿಜಯಕ್ಕೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿತು. 1969ರಲ್ಲಿ ಗೆಲುವನ್ನು ಕಂಡ ಹುಡುಗರು ಅಷ್ಟರಲ್ಲಿ ಅಜ್ಜಂದಿರಾಗಿದ್ದರು.

3

ಹಳೆಯ ಬಾಗಿಲು ಮುಚ್ಚಿದ ಮರುವರ್ಷವೇ ಹೊಸದೊಂದು ತೆರೆಯಿತು. 2013ರಲ್ಲಿ ಜಿಂದಾಲ್ ಸಂಸ್ಥೆಯು ಬೆಂಗಳೂರು ಎಫ್‌ಸಿಯನ್ನು ಸ್ಥಾಪಿಸಿತು. ಆ ಕ್ಲಬ್ಬು ಮೊದಲನೆಯ ಋತುವಿನಲ್ಲಿಯೇ ಐ-ಲೀಗನ್ನು ಗೆದ್ದಿತು. 2016ರಲ್ಲಿ ಏಷ್ಯದ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿತು. 2019ರಲ್ಲಿ ಇಂಡಿಯನ್ ಸೂಪರ್ ಲೀಗನ್ನು ಗೆದ್ದಿತು. ಇಷ್ಟು ಪ್ರಬಲವಾದ ತಂಡದೊಳಗೆ ಕಿರಿಯನು ಪ್ರವೇಶಿಸುವುದು ಹೇಗೆ? ತಂಡವು ಗೆಲ್ಲುತ್ತಿರುವಾಗ ಯಾರನ್ನೂ ಬದಲಿಸುವ ಮನಸ್ಸು ಗುರುವಿಗೆ ಬಾರದು. ಸೋಲುತ್ತಿರುವಾಗ ಹೊಸಬನನ್ನು ನಂಬುವ ಧೈರ್ಯ ಬಾರದು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಬೇಕು. ಮೈದಾನದಲ್ಲಿ ಇರುವ ಸ್ಥಾನಗಳು ಹನ್ನೊಂದು. 2014ರಲ್ಲಿ ಸೂಪರ್ ಲೀಗು ಆರಂಭವಾದಾಗ ಅವುಗಳಲ್ಲಿ ಆರನ್ನು ಪರದೇಶದವರಿಗೆ ಕೊಡಬಹುದಾಗಿದ್ದಿತು. ಭಾರತೀಯರಿಗೆ ಉಳಿದುದು ಐದು. 2017ರಲ್ಲಿ ಪರದೇಶದವರ ಸಂಖ್ಯೆಯನ್ನು ಐದಕ್ಕೆ, 2021ರಲ್ಲಿ ನಾಲ್ಕಕ್ಕೆ ಇಳಿಸಿದರು. ಹೀಗೆ ಭಾರತೀಯರ ಸ್ಥಾನಗಳು ಐದರಿಂದ ಏಳಕ್ಕೆ ಏರಿದುವು. ಅದರ ಜೊತೆಗೆ, ಪಂದ್ಯದ ನಡುವೆ ಬದಲಿಸಬಹುದಾದ ಆಟಗಾರರ ಸಂಖ್ಯೆಯನ್ನು ಸಾಂಕ್ರಾಮಿಕ ರೋಗದ ಕಾಲವಾದ 2020ರಲ್ಲಿ ಲೋಕದಲ್ಲೆಲ್ಲ ಮೂರರಿಂದ ಐದಕ್ಕೆ ಏರಿಸಿದರು. 2022ರಲ್ಲಿ ಅದೇ ಸ್ಥಿರವಾದ ನಿಯಮವಾಯಿತು. ಕೊನೆಯ ಹದಿನೈದು ನಿಮಿಷಗಳಿಗಾದರೂ ತರುಣನನ್ನು ಮೈದಾನಕ್ಕಿಳಿಸಲು ಇದರಿಂದ ಅವಕಾಶವಾಯಿತು. ಪ್ರತಿಭೆ ಎಂಬುದು ದೈವದತ್ತವಾಗಿರಬಹುದು. ಸ್ಥಾನವೆಂಬುದು ಮಾತ್ರ ಮನುಷ್ಯರು ಕುಳಿತು ಬರೆದ ನಿಯಮದಿಂದಲೇ ಬರುವುದು. ತರುಣರ ಚರಿತ್ರೆಯಲ್ಲಿ ಈ ನೀರಸವಾದ ನಿಯಮಗಳಿಗೆ ಶಾಸನಗಳ ಬೆಲೆಯುಂಟು.

ಎರಡನೆಯದು ನಡುವಣ ಮೆಟ್ಟಿಲು. ಕಿರಿಯರ ಆಟಕ್ಕೂ ಹಿರಿಯರ ಆಟಕ್ಕೂ ಇರುವ ಅಂತರವು ವೇಗದ್ದು, ಮೈಕಟ್ಟಿನದು, ಯೋಚಿಸುವ ಸಮಯದ್ದು. ಹದಿನೇಳರ ಪ್ರಾಯದಲ್ಲಿ ತನ್ನ ಓರಗೆಯವರನ್ನೆಲ್ಲ ಮೀರಿಸಿದವನೂ ಹಿರಿಯರ ನಡುವೆ ಚೆಂಡನ್ನು ಕಾಲಿಗೆ ತೆಗೆದುಕೊಳ್ಳುವಷ್ಟರಲ್ಲಿ ಕಳೆದುಕೊಳ್ಳುವನು. ಆದುದರಿಂದ ಕ್ಲಬ್ಬು ಎರಡನೆಯ ತಂಡವೊಂದನ್ನು ಇಟ್ಟುಕೊಂಡಿತು. 2021ರ ದುರಾಂಡ್ ಕಪ್ಪಿಗೆ ಬಹುಮಟ್ಟಿಗೆ ಈ ಕಿರಿಯರನ್ನೇ ಕಳುಹಿಸಿತು. ನೌಷಾದ್ ಮೂಸಾನ ತರಬೇತಿನಲ್ಲಿ ಅವರು ಉಪಾಂತ್ಯದವರೆಗೆ ನಡೆದು, ಅಲ್ಲಿ ಗೋವೆಯ ತಂಡಕ್ಕೆ ಪೆನಾಲ್ಟಿಗಳಲ್ಲಿ ಮಾತ್ರ ಸೋತರು. ಕಿರಿಯರಿಗಾಗಿಯೇ 2022ರಲ್ಲಿ ಆರಂಭವಾದ ಡೆವಲಪ್‌ಮೆಂಟ್ ಲೀಗನ್ನು ಮೊದಲ ಎರಡು ವರ್ಷವೂ ಬೆಂಗಳೂರೇ ಗೆದ್ದಿತು.

ಫಲವೂ ಕಾಣಿಸಿತು. ಮಣಿಪುರದಿಂದ ಬಂದು ಎರಡನೆಯ ತಂಡದಲ್ಲಿ ಬೆಳೆದ ರೋಷನ್ ಸಿಂಗ್ 2021-22ರಲ್ಲಿ ಸೂಪರ್ ಲೀಗಿನ ಉದಯೋನ್ಮುಖ ಆಟಗಾರನೆಂಬ ಪ್ರಶಸ್ತಿಯನ್ನು ಪಡೆದನು. ಮರುವರ್ಷ ಅದೇ ಪ್ರಶಸ್ತಿಯು ತಮಿಳುನಾಡಿನಿಂದ ಬಂದು ಅದೇ ತಂಡದಲ್ಲಿ ಪಳಗಿದ ಶಿವಶಕ್ತಿ ನಾರಾಯಣನಿಗೆ ಸಂದಿತು. 2022ರ ಸೆಪ್ಟೆಂಬರ್ 18ರಂದು ದುರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಮುಂಬಯಿಯ ವಿರುದ್ಧ ಮೊದಲನೆಯ ಗೋಲನ್ನು ಹೊಡೆದವನೂ ಅವನೇ. 2024ರ ಸೆಪ್ಟೆಂಬರ್ 14ರಂದು ಕಂಠೀರವ ಕ್ರೀಡಾಂಗಣದಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು 1-0ರಿಂದ ಸೋಲಿಸಿದಾಗ ಆ ಒಂದು ಗೋಲನ್ನು ಹೊಡೆದವನು ಬೆಂಗಳೂರಿನವನೇ ಆದ ವಿನೀತ್ ವೆಂಕಟೇಶ್. ಕ್ಲಬ್ಬಿನ ಕಿರಿಯರ ತಂಡಗಳಿಂದ ಮೇಲಕ್ಕೆ ಬಂದ ಅವನಿಗೆ ಆಗ ವಯಸ್ಸು 19. ಅದೇ ತಂಡದ ಹಿರಿಯ ಸುನಿಲ್ ಛೇತ್ರಿಗೆ 40. ಇಬ್ಬರೂ ಆಗ ಒಂದೇ ಅಂಗಣದಲ್ಲಿ ದಿನವೂ ಅಭ್ಯಾಸ ಮಾಡುತ್ತಿದ್ದರು. ಅಹಮದ್ ಖಾನನನ್ನು ಒಂದು ಕಾಲದಲ್ಲಿ ತನ್ನವನನ್ನಾಗಿ ಮಾಡಿಕೊಂಡಿದ್ದ ಕ್ಲಬ್ಬಿನ ಎದುರಿಗೇ ಬೆಂಗಳೂರಿನ ಮತ್ತೊಬ್ಬ ತರುಣನು ಹೀಗೆ ತನ್ನ ಬಾಗಿಲನ್ನು ತೆರೆದುಕೊಂಡನು.

4

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಮಾತನ್ನು ಆಡದೆ ಬಿಡಲಾಗದು. ಮೇಲೆ ಹೆಸರಿಸಿದ ಮೂವರಲ್ಲಿ ಹೊಸಪೇಟೆಯವನು, ಕಂಪ್ಲಿಯವನು, ಸಂಡೂರಿನವನು ಒಬ್ಬನೂ ಇಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ಮಣಿಪುರದ ಹುಡುಗನು ಬಂದು ಕನ್ನಡನಾಡಿನಲ್ಲಿ ಹೆಸರಾದರೆ ಅದು ನಮಗೆ ಹೆಮ್ಮೆಯೇ. ಕಲ್ಕತ್ತೆಯವರು ನಮ್ಮ ಅಹಮದನನ್ನು ಪಾಂಡವನೆಂದು ಕರೆಯಲಿಲ್ಲವೇ? ಆದರೆ ಅಂಗಣವು ನಮ್ಮ ತಾಲ್ಲೂಕಿನಲ್ಲಿದ್ದ ಮಾತ್ರಕ್ಕೆ ನಮ್ಮ ಮಕ್ಕಳು ಅದರೊಳಕ್ಕೆ ಹೋಗಲಾರರು. ಮೇಲಣ ಮೆಟ್ಟಿಲನ್ನು ಶ್ರೀಮಂತ ಸಂಸ್ಥೆಯು ಕಟ್ಟಬಹುದು. ಕೆಳಗಣ ಮೆಟ್ಟಿಲನ್ನು ಊರವರೇ ಕಟ್ಟಬೇಕು.

ಮಿಜೋರಾಮನ್ನು ನೋಡೋಣ. 2011ರ ಜನಗಣತಿಯಂತೆ ಆ ಬೆಟ್ಟದ ರಾಜ್ಯದ ಜನಸಂಖ್ಯೆ ಸುಮಾರು 11 ಲಕ್ಷ. ಅದೇ ಗಣತಿಯಲ್ಲಿ ಅವಿಭಕ್ತ ಬಳ್ಳಾರಿ ಜಿಲ್ಲೆಯದು 24 ಲಕ್ಷವನ್ನು ಮೀರಿದ್ದಿತು. ಆ ಪುಟ್ಟ ರಾಜ್ಯವು 2012ರಲ್ಲಿ ತನ್ನದೇ ಲೀಗನ್ನು ಆರಂಭಿಸಿತು. 2014ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. 2017ರಲ್ಲಿ ಅಲ್ಲಿಯ ಐಜ್ವಾಲ್ ಕ್ಲಬ್ಬು ಐ-ಲೀಗನ್ನೇ ಗೆದ್ದಿತು. ಅವರಲ್ಲಿ ಗಣಿಗಳ ಐಶ್ವರ್ಯವಿಲ್ಲ, ಸಮನಾದ ನೆಲವೂ ವಿರಳ. ಇದ್ದುದು ವರ್ಷವರ್ಷವೂ ತಪ್ಪದೆ ನಡೆಯುವ ಪಂದ್ಯಗಳು. ನೋಡಲು ಬರುವ ಊರಜನ.

ನಮ್ಮಲ್ಲಿಯೋ, 2021ರಲ್ಲಿ ಜಿಲ್ಲೆಯು ಎರಡಾಯಿತು. ಹೊಸಪೇಟೆಯೂ ಹಂಪೆಯೂ ವಿಜಯನಗರಕ್ಕೆ, ಸಂಡೂರೂ ಕಂಪ್ಲಿಯೂ ಬಳ್ಳಾರಿಗೆ ಸೇರಿದುವು. ಒಂದೇ ತುಂಗಭದ್ರೆಯ ನೀರನ್ನು ಕುಡಿಯುವ ಹುಡುಗರು ಎರಡು ಜಿಲ್ಲೆಗಳವರಾದರು. ಆಡಳಿತದ ಈ ಗೆರೆಯು ಆಟಕ್ಕೆ ಅಡ್ಡವಾಗಬೇಕಾಗಿಲ್ಲ. ನಾಲ್ಕು ಊರುಗಳ ಶಾಲೆಗಳು ಸೇರಿ ವರ್ಷಕ್ಕೊಮ್ಮೆಯಾದರೂ ಸರದಿಯ ಪಂದ್ಯಗಳನ್ನಾಡಿದರೆ, ಆಡಿದ ಹುಡುಗ ಹುಡುಗಿಯರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ತೋರಣಗಲ್ಲಿನ ಗುರುಗಳನ್ನು ಅವುಗಳಿಗೆ ಆಹ್ವಾನಿಸಿದರೆ, ಮೊದಲನೆಯ ಮೆಟ್ಟಿಲು ತಾನಾಗಿಯೇ ಏಳುವುದು.

ಎರಡು ಎಚ್ಚರಿಕೆಗಳನ್ನೂ ಹೇಳಬೇಕು. ಹನ್ನೆರಡು ವರ್ಷದ ಮಕ್ಕಳನ್ನು ಆರಿಸುವಾಗ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ತರಗತಿಗೆ ಸೇರುವರು. ಹನ್ನೊಂದು ತಿಂಗಳ ಬೆಳವಣಿಗೆಯನ್ನು ನೋಡುವವರು ಪ್ರತಿಭೆಯೆಂದು ಭ್ರಮಿಸುವರು. ಯೂರೋಪಿನ ಕ್ಲಬ್ಬುಗಳ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿರುವುದನ್ನು ವಿದ್ವಾಂಸರು ಎಣಿಸಿ ತೋರಿಸಿರುವರು. ತಡವಾಗಿ ಬೆಳೆಯುವ ಮಗುವನ್ನು ನೂಕಿಬಿಡುವುದು ರಾಮನನ್ನು ನೆಲಮಾಳಿಗೆಗೆ ಕಳುಹಿಸಿದಂತೆಯೇ. ಅಲ್ಲಿ ಅವನನ್ನು ಕಾಪಾಡಲು ಬೈಚಪ್ಪನೂ ಇರುವುದಿಲ್ಲ.

ಇನ್ನೊಂದು, ಆಯ್ಕೆಯಾಗದವರ ಯೋಗಕ್ಷೇಮ. ಅಕಾಡೆಮಿಯ ಹುಡುಗರಲ್ಲಿ ಹಿರಿಯರ ತಂಡಕ್ಕೆ ಸೇರುವವರು ಯಾವ ದೇಶದಲ್ಲಿಯೂ ಕೆಲವರೇ. ಹಿರಿಯರ ತಂಡವೂ ಅಚಲವಾದುದಲ್ಲ. 2025ರಲ್ಲಿ ಸೂಪರ್ ಲೀಗಿನ ಭವಿಷ್ಯವೇ ಅನಿಶ್ಚಿತವಾದಾಗ ಬೆಂಗಳೂರು ಕ್ಲಬ್ಬು ಆಗಸ್ಟಿನಲ್ಲಿ ತನ್ನ ಹಿರಿಯ ತಂಡದವರ ಸಂಬಳವನ್ನು ತಡೆಹಿಡಿದುದಾಗಿ ಪ್ರಕಟಿಸಿತು. ಕಿರಿಯರ ತಂಡಗಳಿಗೆ ತೊಂದರೆಯಾಗದೆಂದು ಅದೇ ಪ್ರಕಟಣೆಯಲ್ಲಿ ಹೇಳಿತು. ಮೆಟ್ಟಿಲುಗಳು ಉಳಿದುವು, ಮೇಲಣ ಮಾಳಿಗೆಯೇ ಅಲುಗಾಡಿತು. ಕಾರ್ಖಾನೆಯ ಕಾಲದಲ್ಲಿ ಆಟಗಾರನ ಕೈಯಲ್ಲಿ ಒಂದು ಕೆಲಸವಿದ್ದಿತು. ಇಂದಿನವನ ಕೈಯಲ್ಲಿ ಓದಾದರೂ ಇರಬೇಕು. ಶಾಲೆಯನ್ನು ಬಿಡಿಸಿ ಆಟಕ್ಕೆ ಹಚ್ಚುವುದೂ ತಪ್ಪು, ಓದು ಕೆಡುವುದೆಂದು ಆಟವನ್ನು ಬಿಡಿಸುವುದೂ ತಪ್ಪು. ಎರಡನ್ನೂ ನಡೆಸಿಕೊಂಡು ಹೋಗುವ ಏರ್ಪಾಡನ್ನು ಮಾಡುವುದು ತಂದೆತಾಯಿಗಳ, ಉಪಾಧ್ಯಾಯರ ಹೊಣೆ.

ಸಂಡೂರಿನ ಬೆಟ್ಟಗಳಿಂದ ಅದಿರು ಬಹುಕಾಲದಿಂದ ಹೊರಕ್ಕೆ ಹೋಗುತ್ತಿದೆ. ತೋರಣಗಲ್ಲಿನಲ್ಲಿ ಅದು ಉಕ್ಕಾಗಿ ಬೆಲೆ ಪಡೆಯುವುದು. ನಮ್ಮ ಮಕ್ಕಳ ಕಾಲಿನ ಕಸುವನ್ನೂ ಹಾಗೆಯೇ ಇಲ್ಲಿಯೇ ಕಾಯಿಸಿ ಹದಗೊಳಿಸಬಾರದೇ? ಆ ಊರಿನ ಹೆಸರಿನಲ್ಲಿಯೇ ತೋರಣವುಂಟು. ತೋರಣವನ್ನು ಕಟ್ಟುವುದು ಬರುವವರನ್ನು ಆದರದಿಂದ ಒಳಗೆ ಕರೆಯುವುದಕ್ಕೆ. ಬಾಗಿಲ ಹೊರಗೆ ಚೆಂಡು ಹಿಡಿದು ನಿಂತವರಲ್ಲಿ ನಮ್ಮ ಮನೆಯ ಮಗುವೂ ಒಂದಿರುವಂತೆ ಮಾಡುವುದಷ್ಟೆ ನಮ್ಮ ಪಾಲಿನ ಕೆಲಸ. ಒಳಕ್ಕೆ ಹೋಗುವ ಕೆಲಸವನ್ನು ಅದು ತಾನೇ ಮಾಡಿಕೊಳ್ಳುವುದು.